ಅಕ್ಕ ಬರುವತನಕ ಊಟವಿಲ್ಲ

ಕಳೆದ ಭಾನುವಾರ ಬೆಳಿಗ್ಗೆ ಬೆಟಗೇರಿಯ ನಮ್ಮ ಮನೆ ಮುಂದೆ ಎರಡು ಕಾರು ಬಂದು ನಿಂತವು. ಲಕ್ಷ್ಮೇಶ್ವರದಿಂದ ಅಣ್ಣ, ಮುಂಡರಗಿಯಿಂದ ಕಾಕಾ. ಮದುವೆ ಮಾತುಕತೆಯೇ? ಅಲ್ಲ. ಸುಶೀಲಕ್ಕ ಪಾಸ್ಟರೊಬ್ಬರ ಪ್ರಾರ್ಥನೆಗೆ ಹೋಗುತ್ತಿದ್ದಾಳೆ ಎಂಬ ಖಬರು ಅವರಿಗೆ ಮುಟ್ಟಿತ್ತು.

ಸುಶೀಲಕ್ಕ ನನ್ನ ಒಡಹುಟ್ಟಿದವಳು. ಅಪ್ಪ-ಅವ್ವನ ಸೇವೆಯಲ್ಲಿ ಮದುವೆ ಮರೆತವಳು (ಮರೆತವರು ನಾವು, ಅವಳಲ್ಲ). ಮನೆತನದ ಎಲ್ಲ ಮದುವೆಗಳಲ್ಲೂ ಬಡಿಸಿದ್ದಾಳೆ, ಯಾರ ಆಲ್ಬಮ್ಮಿನಲ್ಲೂ ಇಲ್ಲ. 'ಉಂಡ್ಯಾ?' ಎಂದು ಎಂದೂ ಕೇಳದವರು ಈಗ ಅವಳ ಆತ್ಮದ ಗತಿ ಕೇಳಲು ಪೆಟ್ರೋಲ್ ಸುಟ್ಟು ಬಂದಿದ್ದರು!

"ಗುಡಿ ಪೂಜಿ ಮಾಡೋ ಮನೆತನ ನಮ್ದು. ಮಂದಿ ಮುಂದ ನಾ ಹೆಂಗ ತಲಿ ಎತ್ತಲಿ?" ಅಂದ ಅಣ್ಣ.

"ಆ ತಗಡಿನ ಶೆಡ್ಡಿನ್ಯಾಗ ಅಂಥಾದ್ದೇನೈತವಾ?" ಅಂದರು ಕಾಕಾ.

(ಶೆಡ್ಡಿನ ಬಗ್ಗೆ ನನಗೂ ತಕರಾರಿದೆ. ಇದ್ದ ನಾಲ್ಕು ಮಂದಿಗೆ ಅಷ್ಟು ದೊಡ್ಡ ಸ್ಪೀಕರ್ ಯಾಕೆ? ದೇವರಿಗೆ ಕಿವಿ ಮಂದವೇ? ನಮ್ಮ ಗುಡಿಯ ಮೈಕು ಕೇಳಿದಾಗಲೂ ಇದೇ ಅನುಮಾನ ಬರುತ್ತದೆ, ಆ ಮಾತು ಬೇರೆ.)

ಅಕ್ಕ ಎಲ್ಲರಿಗೂ ಚಹಾ ಕೊಟ್ಟಳು. ವಿಚಾರಣೆಗೆ ಬಂದವರಿಗೆ ಆರೋಪಿಯದೇ ಚಹಾ! ಆಮೇಲೆ ಬಾಗಿಲಿಗೆ ಆತು ನಿಂತು ಹೇಳಿದಳು:

"ಪಾಸ್ಟರು ಒಂದು ಕಥಿ ಹೇಳಿದ್ರು ಕಾಕಾ. ಒಬ್ಬ ಪ್ರವಾದಿ ರಾಜನ್ನ ಆರಸಾಕ ಒಂದು ಮನಿಗೆ ಬಂದ. ಅಪ್ಪ ಏಳು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ. ಸಣ್ಣವ ಕುರಿ ಕಾಯಾಕ ಹೋಗಿದ್ದ, ಅವನ್ನ ಯಾರೂ ಕರಿಲೇ ಇಲ್ಲ. 'ಅವ ಬರೂತನಕ ನಾವು ಊಟಕ್ಕ ಕುಂಡ್ರಂಗಿಲ್ಲ' ಅಂದನಂತ ಪ್ರವಾದಿ. ದೇವರು ಆರಿಸಿದ್ದೂ ಅವನ್ನ. ಅದನ್ನ ಕೇಳಿ ನನಗ ಅಳು ತಡಿಲಿಲ್ರಿ."

ಅಣ್ಣ ಕಪ್ಪು ಕೆಳಗಿಟ್ಟ. ಕಾಕಾ ಮಾತ್ರ ನಿವೃತ್ತ ಹೆಡ್ ಮಾಸ್ತರರು, ಕರಗುವ ಪೈಕಿ ಅಲ್ಲ. "ಕಥಿ ಚಲೋ ಐತಿ. ಇನ್ನ ಮ್ಯಾಲೆ ಅಲ್ಲಿಗೆ ಹೋಗಬ್ಯಾಡ. ಆತು, ರೊಟ್ಟಿ ಜಲ್ದಿ ಮಾಡವಾ, ಹೊಟ್ಟಿ ಹಸದೈತಿ."

ಅಕ್ಕ ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಾದೆವು. ಬರಲಿಲ್ಲ. ಇಸ್ತ್ರಿ ಸೀರೆ ಉಟ್ಟು, ಚೀಲ ಹಿಡಿದು ಅವಳೇ ಹೊರಗೆ ಬಂದಳು.

"ಪ್ರಾರ್ಥನಾಕ ಹೊತ್ತಾತು, ಹೋಗಿ ಬರ್ತೀನ್ರಿ. ನಾ ಬರೂತನಕ ಯಾರೂ ಊಟಕ್ಕ ಕುಂಡ್ರಬ್ಯಾಡ್ರಿ."

ಕುಂಡ್ರುವುದಾದರೂ ಹೇಗೆ? ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಧರ್ಮ ಉಳಿಸಲು ಬಂದ ಇಬ್ಬರಿಗೂ, ಇದೇ ಮನೆಯಲ್ಲಿರುವ ನನಗೂ ಹಿಟ್ಟಿನ ಡಬ್ಬಿ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಕಾಕಾ ಗಡಿಯಾರ ನೋಡಿದರು. ಅಣ್ಣ ಹತ್ತು ಸಲ ಗೇಟಿನತನಕ ಹೋಗಿ ಬಂದ. "ಎಲ್ಲಿ ಹೋದಳಪಾ ಈಕಿ, ಇನ್ನೂ ಬರವಲ್ಲಳಲ್ಲ?" ಎಂದು ಅವನು ಒದ್ದಾಡುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ನಮ್ಮ ಮನೆಯ ಗಂಡಸರು ಊಟ ಬಿಟ್ಟು ಸುಶೀಲಕ್ಕನ ದಾರಿ ಕಾಯ್ದರು. ಇದನ್ನು ಪವಾಡ ಅನ್ನದೆ ಇನ್ನೇನು ಅನ್ನುತ್ತೀರಿ?