ಸುಬೇದಾರರ ಮೊಣಕಾಲು

ನನ್ನನ್ನು ಆ ಕೆಲಸಕ್ಕೆ ಆರಿಸಲು ಎರಡು ಕಾರಣಗಳಿದ್ದಿರಬಹುದು. ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಮತ್ತು ಯಾರು ಏನು ಹೇಳಿದರೂ ಇಲ್ಲ ಅನ್ನಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಎರಡನೆಯದೇ ನಿಜವಾದ ಕಾರಣ ಎಂದು ನನ್ನ ಹೆಂಡತಿಯ ಖಚಿತ ಅಭಿಪ್ರಾಯ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಕಡೆಯ ಕೆಲವು ಹಳ್ಳಿಗಳಲ್ಲಿ ಓಣಿಗೆ ನಾಲ್ಕು ಮನೆಯಾದರೂ ಮಾಜಿ ಸೈನಿಕರವು. ಅವರ ಮತ್ತು ಅವರ ಮನೆಯವರ ಆರೋಗ್ಯ ಹೇಗಿದೆಯೆಂದು ತಿಳಿಯಲು ಸರಕಾರದ ದುಡ್ಡಿನಲ್ಲಿ ಒಂದು ಸಂಶೋಧನೆ ನಡೆದಿತ್ತು. ನಡೆಸಿದವರು ಧಾರವಾಡದಿಂದ ಬಂದಿದ್ದ ಒಬ್ಬ ಡಾಕ್ಟರಬಾಯಿ, ಇನ್ನೂ ಚಿಕ್ಕ ವಯಸ್ಸು. ಅದು ಸರಿಯಾಗಿ ನಡೆದಿದೆಯೇ, ಎರಡನೆಯ ಹಂತಕ್ಕೆ ಹಣ ಕೊಡಬಹುದೇ ಎಂದು ನೋಡಿ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಎರಡನೆಯ ಹಂತವೆಂದರೆ ಡಾಕ್ಟರರು ಜೀಪಿನಲ್ಲಿ ಹಳ್ಳಿಗೇ ಬಂದು ತಪಾಸಣೆ ಮಾಡಿ, ಔಷಧ ಕೊಟ್ಟು, ಕೀಲುನೋವಿನವರಿಗೆ ವ್ಯಾಯಾಮ ಕಲಿಸುವುದು. ನಾನು ಬೇಡವೆಂದು ಬರೆದರೆ ಜೀಪು ಬರುವುದಿಲ್ಲ. ಮನೆಯಲ್ಲಿ ಸಂಜೆಗೆ ಯಾವ ಪಲ್ಯ ಎಂಬುದನ್ನು ಕೂಡ ಎಂದೂ ತೀರ್ಮಾನಿಸದ ನನಗೆ ಇಷ್ಟು ದೊಡ್ಡ ಅಧಿಕಾರ ಸಿಕ್ಕಿತ್ತು.

ಸಂಶೋಧನೆಯಲ್ಲಿ ಒಂದು ವಿಚಿತ್ರವಿತ್ತು. ಕಿತ್ತೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಮಾಜಿ ಸೈನಿಕರೆಲ್ಲರಿಗೂ ಮೊಣಕಾಲು ನೋವು. ರಾಮದುರ್ಗ ತಾಲೂಕಿನ ತೊರಗಲ್ ಕಡೆಯ ಇನ್ನೊಂದು ಹಳ್ಳಿಯಲ್ಲಿ ಒಬ್ಬರಿಗೂ ಇಲ್ಲ. ನೀರಿನ ಗುಣವಿರಬಹುದೇನೋ ಎಂದು ಡಾಕ್ಟರಬಾಯಿ ಅಳುಕುತ್ತಲೇ ಬರೆದಿದ್ದರು. ಹಣ ಮಂಜೂರು ಮಾಡುವ ಬೆಳಗಾವಿಯ ಅಧಿಕಾರಿ ನನಗೆ ಫೋನು ಮಾಡಿದರು. "ಅಲ್ರೀ ಸರ್, ರಾಮದುರ್ಗದ ಕಡೆ ಮಂದಿ ಕಬ್ಬಿಣಧಂಗ ಗಟ್ಟಿ ಅದಾರ ಅಂದಮ್ಯಾಲ ಅಲ್ಲಿಗೆ ಜೀಪ್ ಯಾಕ ಕಳಸೂದು?"

ಹೋಗಿ ನೋಡಿ ಹೇಳುತ್ತೇನೆ ಎಂದೆ. ನನಗೆ ಮಾತ್ರ ಆ ನೀರಿನ ಮಾತೇ ತಲೆಯಲ್ಲಿ ಕೂತಿತ್ತು, ನನ್ನ ಮೊಣಕಾಲೂ ನೋಯುತ್ತಿತ್ತು. ಹಾಗಾಗಿ ಆ ಹಳ್ಳಿಗೆ ಹೊರಟ ದಿನ ಕೈಚೀಲದ ಜೊತೆಗೆ ಒಂದು ಖಾಲಿ ಕ್ಯಾನನ್ನೂ ಹಿಡಿದುಕೊಂಡೆ.

"ಅದೇನ್ರಿ ಅದು?" ಎಂದಳು ಹೆಂಡತಿ.

"ಅಲ್ಲಿ ನೀರ ತರಬೇಕು. ಪರೀಕ್ಷಾಕ್ಕ."

"ಯಾರ ಪರೀಕ್ಷಾಕ್ಕ? ಸರಕಾರದ್ದೋ, ನಿಮ್ಮ ಮೊಣಕಾಲಿಂದೋ?"

ನಾನು ಬಸ್ಸು ತಪ್ಪುತ್ತದೆಂದು ಅವಸರ ಮಾಡಿ ಹೊರಬಿದ್ದೆ. ಬಸ್ಸು ತಪ್ಪಲಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ಕೂತೆ. ಸವದತ್ತಿಯಲ್ಲಿ ಇಳಿದು ರಾಮದುರ್ಗದ ಬಸ್ಸು ಹಿಡಿಯುವಾಗ ಡಾಕ್ಟರಬಾಯಿ ಸಿಕ್ಕರು. ಪರೀಕ್ಷೆ ಬರೆಯಲು ಹೊರಟ ಹುಡುಗಿಯ ಹಾಗೆ ಮುಖ ಬಾಡಿತ್ತು. "ಸರ್, ತಪ್ಪಾಗಿದ್ರ ತಪ್ಪು ಅಂತನ ಬರೀರಿ. ಆದ್ರ ಜೀಪ್ ಮಾತ್ರ ನಿಲ್ಲಸಬ್ಯಾಡ್ರಿ," ಎಂದರು. ತಪ್ಪಾದ ಸಂಶೋಧನೆಗೆ ಜೀಪು ಹೇಗೆ ಕೊಡಿಸುವುದು ಎಂಬ ಚಿಂತೆಯಲ್ಲಿ ಉಳಿದ ದಾರಿ ಕಳೆಯಿತು. ಕಿಟಕಿಯಾಚೆ ಜೋಳದ ಹೊಲಗಳು ಎಷ್ಟು ಚಂದ ತೂಗುತ್ತಿದ್ದವೆಂದು ವಾಪಸು ಬರುವಾಗಲೇ ನೋಡಿದ್ದು.

ಆ ಊರಿನ ಮಾಜಿ ಸೈನಿಕರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬ ಸುಬೇದಾರರು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ಅಂಗಿಗಿಂತ ನೀಟಾದ ಮೀಸೆ. ಅವರ ಮನೆಯ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಯಾರೂ ಹೇಳಿಕೊಡಲಿಲ್ಲ, ಆದರೂ ಸುಬೇದಾರರ ಕುರ್ಚಿಯ ಪಕ್ಕದಲ್ಲಿ ಹವಾಲ್ದಾರರು, ಅವರ ಆಚೆ ನಾಯಕ್ ದರ್ಜೆಯವರು, ಕಟ್ಟೆಯ ತುದಿಗೆ ಸಿಪಾಯಿಗಳು ಕೂತರು. ಪಲ್ಟನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಪಲ್ಟನ್ನು ಇವರನ್ನು ಬಿಟ್ಟಿರಲಿಲ್ಲ.

ನಾನು ಗಂಟಲು ಸರಿಪಡಿಸಿಕೊಂಡು ಕೇಳಿದೆ: "ನಿಮ್ಮ ಆರೋಗ್ಯ ಹೆಂಗೈತ್ರಿ?"

"ಬಿಲ್ಕುಲ್ ಫಿಟ್!" ಎಂದರು ಸುಬೇದಾರರು.

"ಫಿಟ್!" ಎಂದರು ಹವಾಲ್ದಾರರು. "ಫಿಟ್!", "ಫಿಟ್!" ಎನ್ನುತ್ತ ಮಾತು ಕಟ್ಟೆಯ ತುದಿಯವರೆಗೂ ಹೋಯಿತು.

"ಮೊಣಕಾಲು?"

"ಮೊಣಕಾಲಿಗೇನ ಆಗೈತ್ರಿ? ಕಬ್ಬಿಣ!" ಕಬ್ಬಿಣವೂ ಸಾಲಾಗಿ ತುದಿ ಮುಟ್ಟಿತು.

"ಮೊದಲ ಸಲಾನೂ ಎರಡೂ ಊರಾಗ ಹಿಂಗ ಎಲ್ಲಾರನ್ನೂ ಕೂಡಿಸಿ ಕೇಳಿದ್ವಿ ಸರ್," ಎಂದು ಡಾಕ್ಟರಬಾಯಿ ಪಿಸುಗುಟ್ಟಿದರು. "ವ್ಯಾಳ್ಯಾ ಉಳೀತದ ಅಂತ."

ಅಷ್ಟರಲ್ಲಿ ಚುರಮರಿ, ಮಿರ್ಚಿ ಭಜಿ ಮತ್ತು ಚಹಾ ತಯಾರಾಗಿದೆ, ಪಡಸಾಲೆಗೆ ಬರಬೇಕು ಎಂದು ಒಳಗಿನಿಂದ ಕರೆ ಬಂತು. ಆಗ ಆ ಕಬ್ಬಿಣದ ಪಲ್ಟನ್ನು ಏಳತೊಡಗಿತು. ಸುಬೇದಾರರು ಕಂಬ ಹಿಡಿದರು. ಹವಾಲ್ದಾರರು ಸುಬೇದಾರರ ಕುರ್ಚಿ ಹಿಡಿದರು. ಅವರ ಹೆಗಲನ್ನು ಇನ್ನೊಬ್ಬರು, ಇವರ ಹೆಗಲನ್ನು ಮತ್ತೊಬ್ಬರು. ಕೀಲುಗಳು ಲಟಲಟ ಎಂದ ಸದ್ದು ತೇರದಾಳದವರೆಗೆ ಕೇಳಿಸಿರಬೇಕು. "ಯವ್ವಾ", "ಅಪ್ಪಾ", "ಶಿವನ" ಎಂಬ ಉದ್ಗಾರಗಳಲ್ಲಿ ಮಾತ್ರ ಯಾವ ದರ್ಜೆಯ ಭೇದವೂ ಇರಲಿಲ್ಲ.

ಡಾಕ್ಟರಬಾಯಿಯೂ ನಾನೂ ಮುಖ ಮುಖ ನೋಡಿಕೊಂಡೆವು. ಕಿತ್ತೂರ ಕಡೆಯ ಹಳ್ಳಿಯ ಹಿರಿಯರು ಒಬ್ಬ ಹವಾಲ್ದಾರರು. ಮೊಣಕಾಲು ನೋವು ಎಂದು ಮೊದಲೇ ಹೇಳಿಬಿಟ್ಟ ಸರಳ ಮನುಷ್ಯ. ಅವರ ಹಿಂದೆ ಇಡೀ ಊರು ಕುಂಟಿತ್ತು. ಇಲ್ಲಿ ಸುಬೇದಾರರು ಫಿಟ್, ಆದ್ದರಿಂದ ಊರೇ ಫಿಟ್. ನೀರಿಗೂ ಇದಕ್ಕೂ ಸಂಬಂಧವಿರಲಿಲ್ಲ. ನಾನು ಕ್ಯಾನನ್ನು ಕಾಲಿನಿಂದ ಕಟ್ಟೆಯ ಕೆಳಗೆ ತಳ್ಳಿದೆ.

ಆದರೆ ಸುಬೇದಾರರಂಥವರ ಎದುರು ನಿಂತು ನೀವು ಹೇಳಿದ್ದು ಸುಳ್ಳು ಎನ್ನುವ ಧೈರ್ಯ ನನಗೆಲ್ಲಿಯದು? ಚುರಮರಿ ಬಾಯಿಗೆ ಹಾಕಿಕೊಂಡು, ಮಿರ್ಚಿ ಖಾರವಿದ್ದರೆ ಏನು ಗತಿ ಎಂದು ಯೋಚಿಸುತ್ತ ಕೂತೆ. ಆಗ ಅಡುಗೆಮನೆಯ ಬಾಗಿಲಿನಿಂದ ಸುಬೇದಾರರ ಹೆಂಡತಿಯ ದನಿ ಬಂತು. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ಬಯಲಿಗೇ ಇತ್ತು. ಬೆನ್ನಿಗೆ ಉಳಿದವರ ಹೆಂಡಂದಿರ ದಂಡು.

"ಮಾಸ್ತರ್ರ, ಇವರು ಮುಂಜಾನಿ ಹಾಸಿಗಿ ಬಿಟ್ಟು ಏಳೂಮುಂದ ಏನ್ ಹಿಡೀತಾರ ಕೇಳ್ರಿ."

"ಏನ್ ಹಿಡೀತಾರ್ರಿ?"

"ಮೊದಲ ಗ್ವಾಡಿ ಹಿಡೀತಾರ. ಗ್ವಾಡಿ ಸಿಗಲಿಲ್ಲಂದ್ರ ನನ್ನ ಹಿಡೀತಾರ."

ಹಿಂದಿನ ದಂಡು ಕಿಸಕ್ಕೆಂದಿತು. "ಏ, ಒಳಗ ನಡಿ!" ಎಂದರು ಸುಬೇದಾರರು. "ಇದು ಸರಕಾರಿ ಕೆಲಸ ಐತಿ."

"ಸರಕಾರಿ ಕೆಲಸ ಅಂದ್ರ ಖರೇ ಹೇಳ್ರಿ ಮತ್ತ! ನೀವು ಗಡಿಯಾಗ ಇದ್ದಾಗ ಹರಕಿ ಹೊತ್ತೇನಿ, ಸುರಳೀತ ಮನಿಗೆ ಬಂದ್ರ ಇಬ್ಬರೂ ಉಗರಗೋಳದಿಂದ ನಡಕೋತ ಯಲ್ಲಮ್ಮನ ಗುಡ್ಡ ಏರತೇವಿ ಅಂತ. ನೀವು ಬಂದು ಎಷ್ಟ ಹುಣ್ಣಿವಿ ಹೋದ್ವು? ಕೇಳಿದಾಗೊಮ್ಮೆ ಮುಂದಿನ ಹುಣ್ಣಿವಿಗೆ ಅಂತೀರಿ. ಅಲ್ಲಿ ತಾಯಿ ಕಾಯಾಕ ಹತ್ಯಾಳ. ಇಲ್ಲಿ ಡಾಕ್ಟರು ಮನೀತನಕ ಬರತೇನಿ ಅಂದ್ರ ನೀವು ಫಿಟ್ ಅಂತೀರಿ!"

ಸುಬೇದಾರರು ಮೀಸೆ ಮುಟ್ಟಿಕೊಂಡರು, ಛಾವಣಿ ನೋಡಿದರು. ಕೊನೆಗೆ ಕವಾಯತಿನ ದನಿಯಲ್ಲಿ ಆಜ್ಞೆ ಹೊರಡಿಸಿದರು: "ಎಡಗಾಲು! ಮೊಣಕಾಲ ನೋಯತೈತಿ. ಬರಕೋರಿ."

ಅಣೆಕಟ್ಟೆಯ ಬಾಗಿಲು ತೆಗೆದಂತಾಯಿತು. "ನಂದೂ ನೋಯತೈತ್ರಿ ಸಾಹೇಬ್ರ!" "ನನಗ ಸೊಂಟ!" "ನನಗ ಎರಡೂ ಮೊಣಕಾಲು!"

"ಏ, ಸಾಹೇಬ್ರಿಗೆ ಒಂದ ನೋಯತೈತಿ, ನಿನಗ ಎರಡು ಹೆಂಗ ನೋಯತಾವಲೇ?" ಎಂದು ಹವಾಲ್ದಾರರು ಗದರಿಸಿದರು.

ತುದಿಗೆ ಕೂತಿದ್ದ ಒಬ್ಬ ಮುದುಕ ಸಿಪಾಯಿ ಕಿವಿಗೆ ಕೈ ಹಚ್ಚಿ ಪಕ್ಕದವನನ್ನು ಕೇಳಿದ: "ಏನಂತಾರೋ?" ಅವನಿಗೆ ಅಲ್ಲಿಯವರೆಗೆ ಒಂದು ಪ್ರಶ್ನೆಯೂ ಕೇಳಿಸಿರಲಿಲ್ಲ. ಪಕ್ಕದವನ ತುಟಿ ನೋಡಿ ಫಿಟ್ ಅಂದಿದ್ದ.

ಎಲ್ಲರೂ ನಗುತ್ತಿದ್ದರು, ಡಾಕ್ಟರಬಾಯಿ ಕಣ್ಣೊರೆಸಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದರು. ನನ್ನ ಚಿಂತೆ ಮಾತ್ರ ಇನ್ನೊಂದು ಮಗ್ಗುಲಿಗೆ ಹೊರಳಿತ್ತು. ಈ ನೋವಾದರೂ ನಿಜವೇ, ಅಥವಾ ಇದೂ ಸುಬೇದಾರರ ಹುಕುಮೇ? ಅದಕ್ಕೇ ಗಂಡಸರನ್ನು ಮತ್ತೆ ಕಟ್ಟೆಗೆ ಕಳಿಸಿ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದು ಅವರವರ ಗಂಡಂದಿರ ಬಗ್ಗೆ ಕೇಳಿದೆವು. ಒಬ್ಬೊಬ್ಬರದೂ ಬೇರೆ ಬೇರೆ ಕತೆ. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ನಿದ್ದೆ ಇಲ್ಲ, ಇನ್ನೊಬ್ಬರು ಪಟಾಕಿ ಸದ್ದಿಗೆ ಎದ್ದು ಕೂತುಬಿಡುತ್ತಾರೆ. ಖರೇ ಮಾತಿಗೆ ಸಾಲು ಇರುವುದಿಲ್ಲ ಎಂದುಕೊಂಡು, ನನ್ನ ಜಾಣತನಕ್ಕೆ ನಾನೇ ಹಿಗ್ಗಿ, ಹೆಂಗಸರೆಲ್ಲರೂ ಸೇರಿ ಚಹಾದ ಬಟ್ಟಲು ಎತ್ತುವ ಹೊತ್ತಿಗೆ ಕೇಳಿದೆ: "ನಿಮ್ಮ ತಬ್ಬೇತಿ ಹೆಂಗೈತ್ರಿ ಯವ್ವಾ?"

"ನಮಗೇನ ಆಗೈತ್ರಿ? ಆರಾಮ ಅದೇವಿ," ಎಂದರು ಸುಬೇದಾರರ ಹೆಂಡತಿ.

"ಆರಾಮ ಅದೇವ್ರಿ," ಎಂದರು ಹವಾಲ್ದಾರರ ಹೆಂಡತಿ. ಆರಾಮ ಒಲೆಯ ಹತ್ತಿರದವರೆಗೂ ಸಾಲಾಗಿ ಹೋಯಿತು.

ಕಟ್ಟೆಯಿಂದ ಸುಬೇದಾರರ ಗರ್ಜನೆ ಕೇಳಿತು. "ಸುಳ್ಳ! ರೊಟ್ಟಿ ಬಡಿಯೂಮುಂದ ರಟ್ಟಿ ಹಿಡಕೊಂಡು ಕುಂದರತಾಳ. ಒಮ್ಮೊಮ್ಮೆ ತಲಿ ತಿರಗತೈತಿ. ನನಗ ಹೇಳೂದಿಲ್ಲ, ನನಗ ಕಾಣತೈತಿ. ಬರಕೋರಿ!"

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮುಖ ಮಾತ್ರ ಹೊಸ ಮದುವಣಗಿತ್ತಿಯ ಹಾಗೆ ಕೆಂಪಾಯಿತು.

ಬರುವಾಗ ಕ್ಯಾನು ತುಂಬಿಸಿಕೊಂಡೇ ಬಂದೆ. ಅಷ್ಟು ದೂರ ಹೊತ್ತದ್ದು ಖಾಲಿ ತರಲು ಮನಸ್ಸಾಗಲಿಲ್ಲ. ನೀರಿನಲ್ಲಿ ಏನಿರುತ್ತದೋ ಎಂದು ಹೆದರಿ ಮೂರು ಸಲ ಕಾಯಿಸಿದೆ. ಹೆಂಡತಿ ಅದರಲ್ಲಿ ಚಹಾ ಮಾಡಿದಳು. ಚಹಾ ಚೆನ್ನಾಗಿತ್ತು.

ವರದಿಯಲ್ಲಿ ಹೀಗೆ ಬರೆದೆ: ಈ ಸಂಶೋಧನೆ ಅಳೆದದ್ದು ಮೊಣಕಾಲನ್ನಲ್ಲ, ದರ್ಜೆಯನ್ನು. ಆದ್ದರಿಂದ ಮತ್ತೊಮ್ಮೆ ಕೇಳಬೇಕು. ಗಂಡನ ಆರೋಗ್ಯದ ಬಗ್ಗೆ ಹೆಂಡತಿಯನ್ನು, ಹೆಂಡತಿಯದರ ಬಗ್ಗೆ ಗಂಡನನ್ನು, ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಕೇಳಬೇಕು. ಜೀಪು ಎರಡೂ ಕಡೆಗೆ ಹೋಗಲೇಬೇಕು. ಟಪಾಲಿಗೆ ಹಾಕಿದ ಮೇಲೆ, ಇಂಥ ವರದಿ ಬರೆದದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆಯಬಹುದೇ ಎಂಬ ಚಿಂತೆ ಶುರುವಾಯಿತು.

ಬೆಳಗಾವಿಯಿಂದ ಫೋನು ಬಂತು. "ಇದ್ಯಾವ ಪದ್ಧತಿ ತಗದೀರಿ ಸರ್? ಅವರ ಜಡ್ಡು ಇವರಿಗೆ ಕೇಳೂದು, ಇವರ ಜಡ್ಡು ಅವರಿಗೆ ಕೇಳೂದು?"

ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. "ನಿಮ್ಮ ತಬ್ಬೇತಿ ಹೆಂಗೈತ್ರಿ ಸಾಹೇಬ್ರ?" ಎಂದೆ.

"ನನಗೇನ್ರಿ, ಆರಾಮ ಅದೇನಿ."

"ನಿಮ್ಮ ಮನ್ಯಾಗ ಕೇಳಲೇನ್ರಿ?"

ಆ ಕಡೆಯಿಂದ ದೊಡ್ಡ ನಗು ಕೇಳಿತು. ಕೆಲವು ವಾರಗಳಲ್ಲಿ ಜೀಪು ಹೊರಟಿತು. ಡಾಕ್ಟರಬಾಯಿ ಅದರ ಮುಂದಿನ ಸೀಟಿನಲ್ಲಿ ಕೂತಿದ್ದರಂತೆ.

ಮರುವರ್ಷ ಒಂದು ಹುಣ್ಣಿಮೆಗೆ ನಾವೂ ಗಂಡಹೆಂಡತಿ ಯಲ್ಲಮ್ಮನ ಗುಡ್ಡಕ್ಕೆ ಹೋದೆವು. ಉಗರಗೋಳದ ಕಾಯಿ ಕರ್ಪೂರದ ಅಂಗಡಿಗಳನ್ನು ದಾಟಿ ಏರು ಹತ್ತುವಾಗ ಮುಂದೊಂದು ಜೋಡಿ ಕಾಣಿಸಿತು. ಆಕೆ ಸೀರೆ ಎತ್ತಿ ಕಟ್ಟಿಕೊಂಡು ನಾಲ್ಕು ಹೆಜ್ಜೆ ಮುಂದೆ. ಆತ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಕೋಲೂರಿ ಹಿಂದೆ. ಮೀಸೆ ನೋಡಿ ಗುರುತು ಹಿಡಿದೆ.

"ಹೆಂಗದೀರಿ ಸಾಹೇಬ್ರ?"

"ಫಿ..." ಎಂದ ಸುಬೇದಾರರು ಮುಂದೆ ನಿಂತಿದ್ದ ಹೆಂಡತಿಯ ಕಣ್ಣು ನೋಡಿ ಮಾತು ಬದಲಿಸಿದರು. "ನೋಯತೈತ್ರಿ. ಆದ್ರ ಏರತೈತಿ."

ಆಕೆ ಗುಡ್ಡದ ಕಡೆ ಕೈಮುಗಿದು "ಉಧೋ!" ಎಂದು ಕೂಗಿದ ಖುಷಿಗೆ ಹಿಂದೆ ಬರುತ್ತಿದ್ದವರೂ ದನಿಗೂಡಿಸಿದರು.

"ನಿಮ್ಮ ಮೊಣಕಾಲ ಹೆಂಗದಾವ್ರಿ ಮಾಸ್ತರ್ರ?" ಎಂದು ಸುಬೇದಾರರು ಕೇಳಿದರು. "ಅವತ್ತು ನೀವೂ ಕಂಬ ಹಿಡದ ಎದ್ದಿದ್ರಿ. ನಾ ನೋಡೇನಿ."

"ಬಿಲ್ಕುಲ್ ಫಿಟ್!" ಎಂದೆ ಎದೆಯುಬ್ಬಿಸಿ.

ನನ್ನ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಹೆಂಡತಿ ಅಲ್ಲೇ ನಿಂತಳು. "ಬರಕೋರಿ ಸಾಹೇಬ್ರ," ಎಂದಳು, "ಇವರದು ನಾ ಹೇಳತೇನಿ."