ಬಾರದೆ ಉಳಿದ ಟಿಪ್ಪಣಿಗಳು

ಸಂಶೋಧನಾ ಸಂಸ್ಥೆಯ ಗ್ರಂಥಪಾಲಕಿಯನ್ನು ಎಲ್ಲರೂ 'ಅಡಿಟಿಪ್ಪಣಿ ಅಕ್ಕ' ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ ಅವಳೂ ಜೇನ್ನೊಣಗಳ ಮೇಲೆ ಸಂಶೋಧನೆ ಮಾಡಿದವಳೇ. ಅಚ್ಚಾದದ್ದು ಒಂದೇ ಒಂದು ಲೇಖನ. ಅದರಲ್ಲಿ ತನ್ನ ಪ್ರೊಫೆಸರರ ಎಣಿಕೆಯೇ ತಪ್ಪೆಂದು ಬರೆದಿದ್ದಳು. ಅವರು ತುಟಿಪಿಟಕ್ಕೆನ್ನಲಿಲ್ಲ. ತಪ್ಪು ತನ್ನದೇ ಇರಬೇಕೆಂದುಕೊಂಡು ಅವಳು ಸಂಶೋಧನೆ ಬಿಟ್ಟು ಈ ಕೆಲಸಕ್ಕೆ ಸೇರಿದಳು.

ಈಗ ಅದೇ ಪ್ರೊಫೆಸರರು ಓದಿ ಪಟ್ಟಿ ಮಾಡಿಟ್ಟಿದ್ದ ನಾಲ್ಕು ಸಾವಿರ ಲೇಖನಗಳ ಉಲ್ಲೇಖಗಳನ್ನು ಹಳೆಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ಸಾಗಿಸುವ ಕೆಲಸ ಅವಳ ಪಾಲಿಗೆ ಬಂತು. ಲೇಖಕರ ಹೆಸರು, ವರ್ಷ, ಪುಟ ಎಲ್ಲ ಸರಾಗವಾಗಿ ಬಂದವು. ಒಂದೊಂದರ ಕೆಳಗೂ ಪ್ರೊಫೆಸರರು ಬರೆದುಕೊಂಡಿದ್ದ ಟಿಪ್ಪಣಿಗಳು ಮಾತ್ರ ಬರಲಿಲ್ಲ. ಅವಳು ಒಂದೊಂದನ್ನೇ ತೆರೆದು, ಕಾಪಿ ಮಾಡಿ, ಹೊಸದರಲ್ಲಿ ಅಂಟಿಸುತ್ತ ಹೋದಳು. ಮೂರನೆಯ ದಿನ ತನ್ನದೇ ಲೇಖನ ಎದುರಾಯಿತು. ಅದರ ಕೆಳಗೆ ಹೀಗಿತ್ತು: 'ಹುಡುಗಿ ಹೇಳಿದ್ದೇ ಸರಿ. ನಾನು ಎಣಿಸಿದ್ದು ತಪ್ಪು.' ಅದನ್ನು ಬರೆದು ಹತ್ತೊಂಬತ್ತು ವರ್ಷವಾಗಿತ್ತು.

ಅವಳು ಅದನ್ನು ಮುದ್ರಿಸಿಕೊಂಡು ನೇರವಾಗಿ ಅವರ ಕೋಣೆಗೆ ಹೋದಳು. "ಸರ್, ಇದನ್ನ ನನಗ್ಯಾಕೆ ಹೇಳಲಿಲ್ಲ?"

ಅವರು ಕನ್ನಡಕ ಏರಿಸಿಕೊಂಡು ಓದಿದರು. "ಹೇಳೋಕೆ ಬಾಯೇ ಬರಲಿಲ್ಲಮ್ಮ. ಅಷ್ಟರಲ್ಲಿ ನೀನೇ ಬಿಟ್ಟುಹೋದೆ. ಸದ್ಯ, ಮಾನ ಉಳೀತು ಅಂದ್ಕೊಂಡೆ."

"ನಾನು ದಡ್ಡಿ ಅಂದ್ಕೊಂಡು ಸಂಶೋಧನೇನೇ ಬಿಟ್ಟೆ, ಸರ್."

ಮರುವಾರವೇ ಅವರು ತಮ್ಮ ತಪ್ಪು ಒಪ್ಪಿಕೊಂಡು, ಅವಳ ಲೇಖನವನ್ನು ಉಲ್ಲೇಖಿಸಿ, ಸಂಶೋಧನಾ ಪತ್ರಿಕೆಗೆ ತಿದ್ದುಪಡಿ ಕಳಿಸಿದರು.

ಅವಳ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ಅಂದು ಮನೆಯಲ್ಲಿ ಊಟಕ್ಕೆ ಕೂತಾಗ, "ನಾನು ಸರಿಯಾಗೇ ಎಣಿಸಿದ್ದೆ ಕಣ್ರೀ" ಎಂದು ಗಂಡನಿಗೆ ಎರಡೆರಡು ಸಲ ಹೇಳಿದಳು.