ಹಳೆಯ ಕೀಬೋರ್ಡ್, ಹೊಸ ಕೀಬೋರ್ಡ್

ಹೊಸ ಕೀಬೋರ್ಡ್ ಬಂದ ದಿನದಿಂದಲೇ ನನಗೂ ಅದಕ್ಕೂ ಆಗಿಬರಲಿಲ್ಲ. ನಾನು ಕೆಲಸ ಮಾಡುತ್ತಿದ್ದದ್ದು ಇಚಲಕರಂಜಿಯಲ್ಲಿ, ಲಗ್ನಪತ್ರಿಕೆ, ಶ್ರದ್ಧಾಂಜಲಿಯ ಬ್ಯಾನರ್ ಮಾಡಿಕೊಡುವ ಒಂದು ಡಿಟಿಪಿ ಅಂಗಡಿಯಲ್ಲಿ. ಗೋಡೆಯಾಚೆಗೇ ಪವರ್‌ಲೂಮ್ ಶೆಡ್ಡು. ಮಗ್ಗ ಶುರುವಾದರೆ ಪಕ್ಕದವರ ಮಾತೂ ಕೇಳಿಸದು. ಕೂಗಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಅಂಥಲ್ಲಿ ಟೈಪ್ ಮಾಡುವವರು ಬೆರಳನ್ನೇ ನಂಬಬೇಕು. ಕಣ್ಣು ಕೈಬರಹದ ಪ್ರತಿಯ ಮೇಲೆ, ಕೈ ತನ್ನ ಪಾಡಿಗೆ. ಮದುವೆಗೆ ಮುಂಚೆ ಗಡಹಿಂಗ್ಲಜದ ಟೈಪಿಂಗ್ ಕ್ಲಾಸಿನಲ್ಲಿ ಕೈಮೇಲೆ ಬಟ್ಟೆ ಹೊದಿಸಿ ಕಲಿಸಿದ ವಿದ್ಯೆ ಅದು. ಇಣುಕಿ ಇಣುಕಿ ಹೊಡೆಯುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಂಗಡಿಯ ಹಳೆಯ ಕೀಬೋರ್ಡ್ ರುಬ್ಬುವ ಗುಂಡಿನಷ್ಟು ಭಾರ. ಬಣ್ಣ ಹಳದಿಗಟ್ಟಿತ್ತು. ಒಳಗೆ ಕಬ್ಬಿಣದ ತಗಡು, ಪ್ರತಿ ಬಟನ್ನಿನ ಕೆಳಗೂ ಒಂದು ಸ್ಪ್ರಿಂಗು. ಅಕ್ಷರ ಬಿದ್ದ ಕ್ಷಣಕ್ಕೆ ಸ್ಪ್ರಿಂಗು ಬಾಗಿ, ಟಕ್ಕೆಂದು ಬೆರಳನ್ನು ಒದೆಯುತ್ತಿತ್ತು. ಮಾಲಕರು ಅದರ ಮೇಲೆ ಚಹಾ ಚೆಲ್ಲಿ ಕೊಂದರು. ಬಾಯಿಗೆ ಬಂದಂತೆ ಬೈದೆ. ಪಾಪ, ಅದೇ ಮಾದರಿಯನ್ನು ಈಗಲೂ ಮಾಡುತ್ತಾರೆಂದು ಹುಡುಕಿ ತರಿಸಿದರು. ನೋಡಲು ಅವಳಿ: ಅದೇ ಜೋಡಣೆ, ಅದೇ ಸ್ಪ್ರಿಂಗು. ಆದರೆ ಮೈ ಹಗುರ, ಮೂಲೆ ಒತ್ತಿದರೆ ಪ್ಲಾಸ್ಟಿಕ್ ಕಿರುಗುಡುತ್ತಿತ್ತು. ನನಗಂತೂ ಅದು ಒದೆಯಲೇ ಇಲ್ಲ.

ತಪ್ಪುಗಳು ನನ್ನ ಕಣ್ಣಿಗೆ ಬೀಳತೊಡಗಿದವು. ಒಂದು ಅಕ್ಷರ ಇಲ್ಲಿ ಹಾರಿತು, ಒಂದು ಅಲ್ಲಿ. ಮಾಲಕರು ಊರಲ್ಲಿಲ್ಲದ ದಿನ ಒಬ್ಬ ಗಿರಾಕಿ ತೀರಿಕೊಂಡ ತನ್ನ ತಂದೆಯ ಹನ್ನೆರಡನೇ ದಿನಕ್ಕೆ ಬ್ಯಾನರ್ ಮಾಡಿಸಿದ. ದುಃಖದಲ್ಲಿದ್ದ, ಪ್ರೂಫ್ ನೋಡಲಿಲ್ಲ. ಮಂಟಪದಲ್ಲಿ ಕಟ್ಟಿದ ಮೇಲೆ ನೆಂಟರು ನೋಡಿದರು: ಸತ್ತವರ ಹೆಸರಿನಲ್ಲೇ ಒಂದು ಅಕ್ಷರ ಇಲ್ಲ. ಅದನ್ನು ಬಿಚ್ಚಿಕೊಂಡು ಬಂದು ನನ್ನ ಮೇಜಿನ ಮೇಲೆ ಹಾಸಿದ. ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ.

"ಇನ್ನ ಈ ಹಾಳ ಕೀಬೋರ್ಡಿನ ಮ್ಯಾಲ ಕೈ ಇಡೂದಿಲ್ಲ," ಎಂದು ಮನೆಯಲ್ಲಿ ಕೂಗಾಡಿದೆ. ಗಂಡ ನಕ್ಕರು. "ನಿನ್ನ ಕೈಯಾಗ ಸಿಕ್ಕ ಯಾವ ಸಾಮಾನ ಬೈಸಿಕೊಳ್ಳದ ಉಳದೈತಿ ಹೇಳು?" ಆದರೂ ಜೊತೆಗೆ ಕೊಲ್ಹಾಪುರಕ್ಕೆ ಬಂದರು. ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯ ರಾಶಿಯಲ್ಲಿ ನನ್ನ ಹಳೆಯದರ ಅಣ್ಣನೇ ಸಿಕ್ಕ. ಅದೇ ಭಾರ, ಅದೇ ಹಳದಿ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೊಡೆದು ನೋಡಿದೆ. ಟಕ್, ಟಕ್. ಕಣ್ಣಲ್ಲಿ ನೀರು ಬಂತು. ಇಡೀ ದಾರಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಮರುದಿನ ಅದಕ್ಕೆ ಕೈ ಹಚ್ಚಿದೆ. ಅಕ್ಷರಗಳು ಹಾರಿದವು. ಹೊಸದರಲ್ಲಿ ಹಾರಿದಷ್ಟೇ.

ಸ್ಪ್ರಿಂಗು ಸತ್ತಿರಬೇಕು ಎಂದೆ. ಕೊಟ್ಟವನು ಮೋಸ ಮಾಡಿದ ಎಂದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಂಪ್ಯೂಟರು ಬ್ಯಾಟರಿಯ ಮೇಲೆ ನಡೆದಿತ್ತು, ಅವಸರದ ಕೆಲಸ, ಹಾಗೇ ಮುಂದುವರಿಸಿದೆ. ಮಾಲಕರು ಹಿಂದೆ ಬಂದು ನಿಂತು ಓದಿದರು.

"ಅಕ್ಕಾರ, ಇದರಾಗ ಒಂದೂ ತಪ್ಪಿಲ್ಲಲ್ರಿ!"

ಹೊಸ ಕೀಬೋರ್ಡ್ ಜೋಡಿಸಿ ಹೊಡೆದೆ. ಅದರಲ್ಲೂ ತಪ್ಪಿಲ್ಲ. ಬದಲಾದದ್ದು ಮಗ್ಗದ ಸದ್ದೊಂದೇ. ಶೆಡ್ಡಿನ ಬಾಗಿಲಲ್ಲಿ ಬಿದ್ದಿದ್ದ ಹತ್ತಿಯ ನೂಲಿನ ಚೂರುಗಳನ್ನು ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡು ಮತ್ತೆ ಹೊಡೆದೆ. ಎರಡರಲ್ಲೂ ಅಕ್ಷರ ಹಾರಿದವು. ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ಬೆರಳು ಅರ್ಧ ಒತ್ತಿ ಬಿಟ್ಟುಬಿಡುತ್ತಿತ್ತು. ಟಕ್ಕೆಂಬ ಸದ್ದು ಕಿವಿಗೆ ಬಿದ್ದರಷ್ಟೇ ಪೂರ್ತಿ ಒತ್ತಿದ್ದು ನನಗೆ ಗೊತ್ತಾಗುತ್ತಿತ್ತು.

"ಹಳೇದ ಇದ್ದಾಗಿಂದನೂ ತಪ್ಪ ಬರತಿದ್ದೂ ರೀ," ಎಂದರು ಮಾಲಕರು ನೆಲ ನೋಡುತ್ತ. "ನಾನ ಸುಮ್ಮನ ತಿದ್ದತಿದ್ದೆ. ನಿಮಗ ಬ್ಯಾಸರ ಆಗಬಾರದಂತ."

ಆ ಮಾತಿಗೆ ನನಗೆ ಬಂದ ಸಿಟ್ಟು ಯಾವ ಬೈಗುಳಕ್ಕೂ ಬಂದಿರಲಿಲ್ಲ.

ಕೊಲ್ಹಾಪುರದ ಡಾಕ್ಟರು ಕಣ್ಣು ಮುಚ್ಚಿಸಿ, ಒಂದು ನೈಲಾನ್ ಎಳೆಯನ್ನು ಬೆರಳ ತುದಿಗೆ ಮುಟ್ಟಿಸುತ್ತೇನೆ, ತಿಳಿದಾಗ ಹೂಂ ಅನ್ನಿ ಎಂದರು. ಕಾಯುತ್ತ ಕೂತೆ. ಇನ್ನೂ ಶುರು ಮಾಡಿಲ್ಲ ಅಂದುಕೊಂಡೆ. ಕಣ್ಣು ಬಿಡಿ ಎಂದಾಗ ನೋಡಿದರೆ ಅವರು ಎರಡೂ ಕೈಗಳ ಪರೀಕ್ಷೆ ಮುಗಿಸಿದ್ದರು. ಪಕ್ಕದಲ್ಲಿದ್ದ ಗಂಡ ಬೇರೆ ಕಡೆ ನೋಡುತ್ತಿದ್ದರು. ಶುಗರ್ ಬಹಳ ದಿನಗಳಿಂದ ಇದೆ, ನರ ತಿಂದುಹಾಕಿದೆ ಎಂದರು ಡಾಕ್ಟರು. ಬಿಸಿ ತಾಗಿದರೂ ಗೊತ್ತಾಗುತ್ತಿರಲಿಲ್ಲವೇ ಎಂದು ಕೇಳಿದರು.

ಏನು ಹೇಳಲಿ? ನಮ್ಮಲ್ಲಿ ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿಹಾಕುತ್ತಾರೆ. ಹಾ, ಹೂ ಎಂದವಳು ಇನ್ನೂ ಕಲಿಯುತ್ತಿರುವವಳು. ನನ್ನ ಕೈ ಈಚೆಗೆ ಸುಡುತ್ತಲೇ ಇರಲಿಲ್ಲ. "ನಮ್ಮ ಸೊಸಿ ಕೈ ಛಲೋ ಪಳಗ್ಯಾವ ನೋಡ್ರಿ," ಎಂದು ಅತ್ತೆ ಬಂದವರೆದುರು ಹೊಗಳಿದ್ದರು. ನಾನು ಬೀಗಿ, ಬೇಕೆಂದೇ ಹಂಚಿನ ಅಂಚನ್ನು ಹಿಡಿದು ತೋರಿಸಿದ್ದೆ. ಬೊಬ್ಬೆ ಎದ್ದದ್ದನ್ನು ಮರುದಿನ ನೋಡಿದೆ, ಎಣ್ಣೆ ಹಚ್ಚಿ ಮರೆತೆ. ಇಂಥ ಮೂರ್ಖತನಕ್ಕೆ ಯಾರನ್ನು ಬೈಯಲಿ? ಹೋದದ್ದು ಬರುವುದು ಕಷ್ಟ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು.

ಔಷಧಿ ಶುರುವಾದ ಮೇಲೆ ಅಂಗಡಿಗೆ ಹೋದೆ. ನನಗೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. ನನ್ನ ಕುರ್ಚಿ ಖಾಲಿಯೇ ಇತ್ತು. ಗೋಡೆಯಾಚೆ ಮಗ್ಗ ಜೋರಾಗಿ ನಡೆದಿದ್ದವು. ಮಾಲಕರು ನಗುತ್ತ ಎದ್ದು, ಎರಡೂ ಕೀಬೋರ್ಡ್‌ಗಳನ್ನು ಮೇಜಿನ ಮೇಲಿಟ್ಟು, ಯಾವುದು ಹಚ್ಚಲಿ ಎಂದು ಕೈಸನ್ನೆಯಲ್ಲಿ ಕೇಳಿದರು. ನಾನು ಕೂರಲಿಲ್ಲ.

"ಮಗ್ಗ ಬಂದ್ ಆದಾಗ ಹೇಳಿ ಕಳಸ್ರಿ, ಬರ್ತೇನಿ," ಎಂದೆ.

ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ ನನ್ನತ್ತ ಬಾಗಿದರು. ಅದನ್ನೇ ಮತ್ತೊಮ್ಮೆ, ಕೂಗಿ ಹೇಳಬೇಕಾಯಿತು.